ಓದಿನ ವೇಗ ಕಣ್ಣಲ್ಲಿಲ್ಲ

ಇಂಟರ್ನಲ್ಸ್ ಹತ್ತಿರ ಬಂದ ಕೂಡಲೇ ನಮ್ಮ ಫೋನುಗಳಲ್ಲಿ ಒಂದು ಜಾತಿಯ ವಿಡಿಯೊಗಳು ತಾವಾಗೇ ಬರೋಕೆ ಶುರುವಾಗುತ್ತವೆ. ಏಳು ದಿನದಲ್ಲಿ ಓದುವ ವೇಗ ಮೂರು ಪಟ್ಟು, ಒಂದೇ ರಾತ್ರಿಯಲ್ಲಿ ಇಡೀ ಪುಸ್ತಕ, ಹೀಗೆ. ಸಾಲಿನ ಕೆಳಗೆ ಬೆರಳು ಓಡಿಸಿ, ಮನಸ್ಸಿನೊಳಗೆ ಪದಗಳನ್ನು ಉಚ್ಚರಿಸೋದನ್ನು ನಿಲ್ಲಿಸಿ, ಒಂದೇ ನೋಟಕ್ಕೆ ಇಡೀ ಸಾಲು ಹಿಡೀರಿ ಅಂತಾರೆ. ಐದಕ್ಕೆ ಐದು ಮಾಡ್ಯೂಲೂ ಬಾಕಿ ಇಟ್ಟುಕೊಂಡವರಿಗೆ ಇದಕ್ಕಿಂತ ಸಿಹಿ ಸುದ್ದಿ ಇನ್ನೇನು ಬೇಕು?

ನನ್ನ ಅಭಿಪ್ರಾಯ ಬೇರೆ. ಓದಿನ ವೇಗ ಕಣ್ಣಿನಲ್ಲಿ ಇಲ್ಲ. ಆ ಭಾಷೆಯಲ್ಲಿ, ಆ ವಿಷಯದಲ್ಲಿ ನಾವು ಈಗಾಗಲೇ ಎಷ್ಟು ದೂರ ನಡೆದಿದ್ದೇವೆ ಅನ್ನೋದರಲ್ಲಿ ಇದೆ. ಇದು ಗೊತ್ತಿಲ್ಲದೇ ನಮ್ಮ ತರಗತಿಗಳಲ್ಲಿ ಎಷ್ಟೋ ಬುದ್ಧಿವಂತರು ತಮ್ಮನ್ನು ತಾವೇ ದಡ್ಡರು ಅಂದುಕೊಂಡು ಕೊನೆಯ ಬೆಂಚಿನಲ್ಲಿ ಸುಮ್ಮನೆ ಕೂತಿದ್ದಾರೆ.

ಇದಕ್ಕೆ ಸಾಕ್ಷಿ ನಮ್ಮ ಹಾಸ್ಟೆಲ್ಲಿನ ಒಂದೇ ಮೇಜಿನಲ್ಲಿ ಸಿಗುತ್ತದೆ. ನಮ್ಮೂರು ತರೀಕೆರೆ. ಮನೆಯಲ್ಲಿ ಕನ್ನಡ, ಸ್ಕೂಲು ಮಾತ್ರ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಅಂದ್ರೆ ದಿನಕ್ಕೆ ಒಂದು ಪಿರಿಯಡ್. ಪಕ್ಕದ ಮಂಚದ ಗೆಳೆಯ ಕಡೂರು ಕಡೆಯವನು, ಎಸ್ಎಸ್ಎಲ್‌ಸಿವರೆಗೆ ಕನ್ನಡ ಮೀಡಿಯಂ. ಇನ್ನೊಬ್ಬ ಅಜ್ಜಂಪುರದವನು, ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ ಬಂದವನು. ಬೆಳಿಗ್ಗೆ ಕನ್ನಡ ಪೇಪರ್ ಬಂದರೆ ಅವರಿಬ್ಬರೂ ಮುಖಪುಟ ಮುಗಿಸಿ ತಿರುವಿ ಹಾಕೋಕೆ ಕಾಯುತ್ತಿರುತ್ತಾರೆ, ನಾನು ಇನ್ನೂ ಅರ್ಧ ಪುಟದಲ್ಲಿರುತ್ತೇನೆ. ‘ಪ್ರಾಧಿಕಾರ’, ‘ಅಧಿಸೂಚನೆ’, ‘ಮಾರ್ಗಸೂಚಿ’ ಇಂಥ ಪದಗಳ ಹತ್ತಿರ ಬಂದಾಗ ನನ್ನ ಕಣ್ಣು ಬ್ರೇಕ್ ಹಾಕುತ್ತದೆ. ಸಂಜೆ ಅದೇ ಮೇಜಿನಲ್ಲಿ ಇಂಗ್ಲಿಷ್ ಟೆಕ್ಸ್ಟ್‌ಬುಕ್ ತೆರೆದರೆ ಎಲ್ಲಾ ಉಲ್ಟಾ. ಈಗ ನಾನು ಮುಂದೆ, ಅವರು ಹಿಂದೆ.

ಬೆಳಿಗ್ಗೆ ಇದ್ದದ್ದೇ ಮೂರು ಜೊತೆ ಕಣ್ಣು, ಸಂಜೆಯೂ ಅವೇ. ವೇಗ ಅನ್ನೋದು ಕಣ್ಣಿನ ಗುಣವೋ ಮಿದುಳಿನ ಗುಣವೋ ಆಗಿದ್ದಿದ್ದರೆ ಒಬ್ಬನೇ ಎರಡೂ ಹೊತ್ತಿನಲ್ಲಿ ಗೆಲ್ಲಬೇಕಿತ್ತು. ಹಾಗಾಗೋದಿಲ್ಲ. ವ್ಯತ್ಯಾಸ ಒಂದೇ: ಯಾರು ಯಾವ ಭಾಷೆಯಲ್ಲಿ ಎಷ್ಟು ಪುಟ ಓದಿದ್ದಾರೆ ಅನ್ನೋದು. ಆದರೆ ನನಗೆ ಕನ್ನಡ ನಿಧಾನ ಅಂದ್ರೆ ಎಲ್ಲರೂ ನಕ್ಕು ಸುಮ್ಮನಾಗುತ್ತಾರೆ. ಅವರಿಗೆ ಇಂಗ್ಲಿಷ್ ನಿಧಾನ ಅಂದ್ರೆ ‘ಸ್ಲೋ ಲರ್ನರ್’ ಅನ್ನೋ ಹಣೆಪಟ್ಟಿ ಬೀಳುತ್ತೆ. ಇದು ನ್ಯಾಯ ಅಲ್ಲ.

ಕಣ್ಣಿನ ಲೆಕ್ಕವನ್ನೂ ಒಮ್ಮೆ ಮಾಡಿ ನೋಡೋಣ, ನಾವು ಎಂಜಿನಿಯರಿಂಗ್ ಓದುವವರು ತಾನೇ. ಓದುವಾಗ ಕಣ್ಣು ಸಾಲಿನ ಮೇಲೆ ನೀರಿನ ಹಾಗೆ ಹರಿಯುವುದಿಲ್ಲ, ಕಪ್ಪೆಯ ಹಾಗೆ ಜಿಗಿಯುತ್ತದೆ. ಜಿಗಿದ ಜಾಗದಲ್ಲಿ ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ. ಅಂದ್ರೆ ಸೆಕೆಂಡಿಗೆ ಸುಮಾರು ನಾಲ್ಕು ನೋಟ, ನಿಮಿಷಕ್ಕೆ 240. ಪ್ರತಿ ನೋಟದಲ್ಲೂ ಪದವನ್ನು ಗುರುತಿಸುವಷ್ಟು ಸ್ಪಷ್ಟವಾಗಿ ಕಾಣೋದು ನಡುವಿನ ಕೆಲವೇ ಅಕ್ಷರಗಳು, ಹೆಚ್ಚುಕಡಿಮೆ ಒಂದು ಪದ. 2019ರಲ್ಲಿ ಮಾರ್ಕ್ ಬ್ರೈಸ್‌ಬಾರ್ಟ್ ಅನ್ನೋ ಮನಶ್ಶಾಸ್ತ್ರಜ್ಞ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, ವಯಸ್ಕರು ಕತೆಯಲ್ಲದ ಇಂಗ್ಲಿಷ್ ಬರಹವನ್ನು ಮೌನವಾಗಿ ಓದುವ ಸರಾಸರಿ ವೇಗ ನಿಮಿಷಕ್ಕೆ 238 ಪದ ಅಂತ ಲೆಕ್ಕ ಕೊಟ್ಟರು. ನಮ್ಮ ಕಚ್ಚಾ ಲೆಕ್ಕಕ್ಕೂ ಅದಕ್ಕೂ ಹೆಚ್ಚು ದೂರವಿಲ್ಲ. ಈಗ ಯಾರಾದರೂ ನಿಮಿಷಕ್ಕೆ 1000 ಪದ ಓದಿಸ್ತೀವಿ ಅಂದ್ರೆ, ಒಂದು ನೋಟಕ್ಕೆ ನಾಲ್ಕು ಪದ ಹಿಡಿಯಬೇಕು. ಅಷ್ಟು ಅಗಲಕ್ಕೆ ಕಣ್ಣಿಗೆ ಸ್ಪಷ್ಟವಾಗಿ ಕಾಣೋದೇ ಇಲ್ಲ.

ಈ ಆಸೆ ಹೊಸದೇನಲ್ಲ. ಅಮೆರಿಕದಲ್ಲಿ ಎವೆಲಿನ್ ವುಡ್ ಎಂಬ ಶಿಕ್ಷಕಿ 1959ರಲ್ಲೇ ವೇಗದ ಓದಿನ ಕೋರ್ಸ್ ಶುರು ಮಾಡಿ ಹೆಸರಾಗಿದ್ದರು. ಕಣ್ಣಿನ ಚಲನೆಯನ್ನೇ ಜೀವನವಿಡೀ ಅಧ್ಯಯನ ಮಾಡಿದ ಕೀತ್ ರೇನರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟವಾದ ಲೇಖನದಲ್ಲಿ ಇಂಥ ವಿಧಾನಗಳನ್ನೆಲ್ಲ ಪರಿಶೀಲಿಸಿ ಹೇಳಿದ್ದು ಇಷ್ಟು: ವೇಗ ಏರಿಸಿದರೆ ಅರ್ಥ ಇಳಿಯುತ್ತದೆ, ಎರಡನ್ನೂ ಒಟ್ಟಿಗೆ ಕೊಡುವ ಮ್ಯಾಜಿಕ್ ಇಲ್ಲ. ಮನಸ್ಸಿನೊಳಗಿನ ಉಚ್ಚಾರವೂ ಶತ್ರು ಅಲ್ಲ. ಕಷ್ಟದ ವಾಕ್ಯ ಅರ್ಥವಾಗಲು ಅದು ಸಹಾಯ ಮಾಡುತ್ತದೆ.

ಹಾಗಾದ್ರೆ ಕೆಲವರು ನಿಜವಾಗ್ಲೂ ಬೇಗ ಓದ್ತಾರಲ್ಲ, ಹೇಗೆ? ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಗೆ ಹೋಗುವ ರೈಲಿನಲ್ಲಿ ಕೂತವರನ್ನು ನೆನೆಸಿಕೊಳ್ಳಿ. ಕಡೂರು, ಬೀರೂರು ದಾಟಿದ ಮೇಲೆ ಅಜ್ಜಂಪುರದ ಹಳದಿ ಬೋರ್ಡ್ ಓಡಿ ಹೋಗುತ್ತದೆ. ಊರಿನವರು ಕಣ್ಣು ಮಿಟುಕಿಸುವಷ್ಟರಲ್ಲಿ ಓದಿಬಿಡುತ್ತಾರೆ. ಮೊದಲ ಸಲ ಬಂದವರು ಅಕ್ಷರ ಕೂಡಿಸುವಷ್ಟರಲ್ಲಿ ಬೋರ್ಡ್ ಹಿಂದೆ ಸರಿದಿರುತ್ತದೆ. ಊರಿನವರ ಕಣ್ಣೇನು ಚುರುಕಲ್ಲ. ಬೀರೂರಿನಲ್ಲಿ ಒಂದು ಹಳಿ ತರೀಕೆರೆ, ಶಿವಮೊಗ್ಗದ ಕಡೆ ತಿರುಗುತ್ತದೆ, ಇನ್ನೊಂದು ಅಜ್ಜಂಪುರದ ಕಡೆ ಹೋಗುತ್ತದೆ ಅನ್ನೋ ನಕ್ಷೆ ಅವರ ತಲೆಯಲ್ಲಿ ಮೊದಲೇ ಇದೆ. ಬೋರ್ಡನ್ನು ಅವರು ಓದುವುದಕ್ಕಿಂತ ಹೆಚ್ಚಾಗಿ ಗುರುತು ಹಿಡಿಯುತ್ತಾರೆ. ಪುಸ್ತಕದಲ್ಲೂ ಅಷ್ಟೇ.

1988ರಲ್ಲಿ ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಶಾಲಾ ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ವಿವರಣೆ ಓದಲು ಕೊಟ್ಟರು. ಓದುವುದರಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದುವುದರಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಹೆಚ್ಚು ನೆನಪಿಟ್ಟುಕೊಂಡಿದ್ದರು. ನಮ್ಮ ಮೇಜಿನಲ್ಲೂ ಇದೇ ಆಯಿತು. ಸಿಂಗಲ್ ಫೇಸ್ ಇಂಡಕ್ಷನ್ ಮೋಟರ್ ಪಾಠವನ್ನು ಕಡೂರಿನ ಗೆಳೆಯ ನನಗಿಂತ ಬೇಗ ಮುಗಿಸಿದ. ತೆಂಗಿನ ತೋಟದ ಪಂಪಿನ ಕಂಡೆನ್ಸರ್ ಹೋದರೆ ಮೋಟರ್ ಗುಂಯ್ ಅಂತ ಶಬ್ದ ಮಾಡುತ್ತೆ, ತಿರುಗಲ್ಲ ಅನ್ನೋದು ಅವನಿಗೆ ಹೈಸ್ಕೂಲಿನಲ್ಲೇ ಗೊತ್ತಿತ್ತು. ಆ ಮೋಟರ್ ತಾನಾಗಿ ಸ್ಟಾರ್ಟ್ ಆಗಲ್ಲ, ಕೆಪಾಸಿಟರ್ ಬೇಕು ಅಂತ ಪುಸ್ತಕ ಅರ್ಧ ಪುಟ ಹೇಳಿದ್ದನ್ನು ಅವನು ಒಂದೇ ನೋಟಕ್ಕೆ ಹಿಡಿದ. ನಾನು ಆ ಅರ್ಧ ಪುಟವನ್ನು ಮೂರು ಸಲ ಓದಿದೆ.

ಇಷ್ಟೆಲ್ಲ ಹೇಳಿದ ಮೇಲೆ ‘ಹಾಗಾದ್ರೆ ವೇಗ ಹೆಚ್ಚೋದೇ ಇಲ್ವಾ’ ಅಂತ ಕೇಳಬಹುದು. ಹೆಚ್ಚುತ್ತೆ, ಆದರೆ ಬೇರೆ ದಾರಿಯಲ್ಲಿ. ಈಗ ನಾವು ಮೂವರೂ ಮಾಡುತ್ತಿರೋದು ನಾಲ್ಕು ಕೆಲಸ.

ಮೊದಲನೆಯದು, ಪಾಠ ಓದುವ ಮುಂಚೆ ಐದು ನಿಮಿಷ ನಕ್ಷೆ ಮಾಡಿಕೊಳ್ಳೋದು. ತಲೆಬರಹ, ಚಿತ್ರ, ಕೊನೆಯ ಪ್ರಶ್ನೆಗಳು, ಹಳೆಯ ಪ್ರಶ್ನೆಪತ್ರಿಕೆ, ಇಷ್ಟನ್ನು ಮಾತ್ರ ನೋಡಬೇಕು. ಮುಂದಿನ ಸ್ಟೇಷನ್ ಯಾವುದು ಅಂತ ಗೊತ್ತಿದ್ದರೆ ಬೋರ್ಡ್ ಬೇಗ ಓದಬಹುದು.

ಎರಡನೆಯದು, ಪದಗಳನ್ನು ಮೊದಲೇ ಎದುರಿಸೋದು. ಒಂದು ಮಾಡ್ಯೂಲಿನಲ್ಲಿ ಪದೇ ಪದೇ ಬರುವ ಪಾರಿಭಾಷಿಕ ಪದಗಳು ಕೈಬೆರಳಲ್ಲಿ ಎಣಿಸುವಷ್ಟೇ ಇರುತ್ತವೆ. ‘ಅಟೆನ್ಯುಯೇಷನ್’ ಅಂದ್ರೆ ದೂರ ಹೋದಂತೆ ಸಿಗ್ನಲ್ ಕುಗ್ಗೋದು ಅಂತ ಒಂದು ಸಾಲು ಬರೆದಿಟ್ಟುಕೊಂಡರೆ, ಆ ಪದ ಇಪ್ಪತ್ತು ಸಲ ಬಂದರೂ ಕಣ್ಣು ಎಡವುವುದಿಲ್ಲ.

ಮೂರನೆಯದು, ಓದಿದ ಮೇಲೆ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯೋದು. ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ಪುಸ್ತಕ ಬಿಟ್ಟು ನೆನಪಿನಿಂದ ಬರೆದವರು ಮುಂದಿದ್ದರು. ನಮ್ಮ ಸೆಮಿಸ್ಟರ್ ಪರೀಕ್ಷೆ ಐದು ನಿಮಿಷದ ನಂತರ ಬರೋದಿಲ್ಲ.

ನಾಲ್ಕನೆಯದು, ದಿನಕ್ಕೆ ಇಪ್ಪತ್ತು ನಿಮಿಷ ಸುಲಭದ ಓದು, ಯಾವ ಭಾಷೆ ನಿಧಾನವೋ ಆ ಭಾಷೆಯಲ್ಲಿ. ಗೆಳೆಯರು ಇಂಗ್ಲಿಷ್ ಕ್ರಿಕೆಟ್ ವರದಿ ಓದುತ್ತಾರೆ, ಯಾಕಂದ್ರೆ ಆಟ ಮೊದಲೇ ಗೊತ್ತು, ಭಾಷೆ ಮಾತ್ರ ಕಲಿಯಬೇಕು. ನಾನು ಕನ್ನಡ ಓದುತ್ತೇನೆ. ಅಜ್ಜಂಪುರ ಸೀತಾರಾಂ, ಅಂದ್ರೆ ‘ಆನಂದ’ರ ಕತೆ ‘ನಾನು ಕೊಂದ ಹುಡುಗಿ’ಯಿಂದ ಶುರು ಮಾಡಿದೆ, ಆಮೇಲೆ ತೇಜಸ್ವಿಯವರ ‘ಕರ್ವಾಲೊ’. ಕನ್ನಡದಲ್ಲಿ ಇದಕ್ಕೆ ತಾಳ್ಮೆ ಬೇಕು. ಇಂಗ್ಲಿಷಿಗೆ 26 ಅಕ್ಷರ ಸಾಕು, ನಮ್ಮಲ್ಲಿ ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು ರೂಪಗಳು. ಕನ್ನಡ ಶಾಲೆಗಳ ಮಕ್ಕಳಿಗೂ ಇವೆಲ್ಲ ಕೈವಶವಾಗಲು ನಾಲ್ಕನೇ ಕ್ಲಾಸಿನ ಆಚೆಗೂ ವರ್ಷಗಳು ಬೇಕಾಗುತ್ತವೆ ಅಂತ ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಒಂದು ಸೆಮಿಸ್ಟರ್ ಆದ ಮೇಲೆ ಪೇಪರ್ ತಿರುವೋಕೆ ಗೆಳೆಯರು ನನಗಾಗಿ ಕಾಯೋದು ಕಡಿಮೆಯಾಗಿದೆ. ಕಣ್ಣಿಗೆ ಯಾವ ವ್ಯಾಯಾಮವನ್ನೂ ಮಾಡಿಸಿಲ್ಲ, ಪುಟಗಳು ಹೆಚ್ಚಾದವು ಅಷ್ಟೇ.

ಎಲ್ಲವನ್ನೂ ಬೇಗ ಓದಬೇಕು ಅನ್ನೋ ಹಠವೂ ಬೇಡ. ‘ಜೈಮಿನಿ ಭಾರತ’ ಬರೆದ ಲಕ್ಷ್ಮೀಶನನ್ನು ಕಡೂರು ತಾಲ್ಲೂಕಿನ ದೇವನೂರಿನವನು ಅಂತಾರೆ. ಆ ಕಾವ್ಯ ಇಷ್ಟು ವರ್ಷ ಜನರ ಬಾಯಲ್ಲಿ ಉಳಿದಿದ್ದರಲ್ಲಿ ಗಮಕದ ಪಾಲು ದೊಡ್ಡದು. ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ನಿಲ್ಲಿಸಿ ಅರ್ಥ ಹೇಳುತ್ತಾರೆ. ಅಲ್ಲಿ ಯಾರೂ ಗಡಿಯಾರ ನೋಡುವುದಿಲ್ಲ. ಸಿಗ್ನಲ್ಸ್‌ನ ಒಂದು ಡೆರಿವೇಷನ್ನಿಗೂ ಅದೇ ಗೌರವ ಬೇಕು. ಒಬ್ಬರು ಸಾಲು ಓದಲಿ, ಇನ್ನೊಬ್ಬರು ಯಾಕೆ ಅಂತ ಕೇಳಲಿ. ನೋಟಿಸ್ ಬೋರ್ಡಿಗೆ ಒಂದು ಗೇರ್, ಪೇಪರಿಗೆ ಒಂದು, ಡೆರಿವೇಷನ್ನಿಗೆ ಇನ್ನೊಂದು. ಘಾಟಿಯಲ್ಲಿ ಟಾಪ್ ಗೇರ್ ಹಾಕೋ ಡ್ರೈವರನ್ನು ಯಾರೂ ಜಾಣ ಅನ್ನಲ್ಲ.

ಕೊನೆಗೆ ಎರಡು ಬೇಡಿಕೆ. ಮೇಷ್ಟ್ರುಗಳಿಗೆ: ನಾಳೆ ಯಾವ ಪುಟಗಳು ಅಂತ ಇವತ್ತೇ ಹೇಳಿಬಿಡಿ. ನಿಧಾನ ಓದುವವರಿಗೆ ರಾತ್ರಿ ಒಂದು ಗಂಟೆ ಸಿಕ್ಕರೆ, ಬೆಳಿಗ್ಗೆ ಅವರು ಕ್ಲಾಸಿನಲ್ಲಿ ಹಿಂದೆ ಬೀಳುವುದಿಲ್ಲ. ನಮ್ಮ ಕನ್ನಡ ಸಂಘಕ್ಕೆ: ರಾಜ್ಯೋತ್ಸವದ ಬ್ಯಾನರಿನ ಜೊತೆಗೆ ಈ ವರ್ಷ ಮತ್ತೊಂದು ಕೆಲಸ ಮಾಡೋಣ. ಪ್ರತಿ ವಿಷಯಕ್ಕೂ, ಪ್ರತಿ ಮಾಡ್ಯೂಲಿಗೂ ಒಂದು ಪುಟದ ಪದಪಟ್ಟಿ. ಇಂಗ್ಲಿಷ್ ಪದ, ಅದರ ಪಕ್ಕ ಸರಳ ಕನ್ನಡದಲ್ಲಿ ಒಂದು ಸಾಲಿನ ಅರ್ಥ. ಕನ್ನಡ ಮೀಡಿಯಂನವರು ಅರ್ಥ ಬರೆಯಲಿ, ಇಂಗ್ಲಿಷ್ ಮೀಡಿಯಂನವರು ಅದನ್ನು ಟೈಪ್ ಮಾಡಲಿ. ಅವರಿಗೆ ಇಂಗ್ಲಿಷ್ ಬೇಗ ಬರುತ್ತೆ, ನಮಗೆ ಕನ್ನಡ. ಮೂರನೇ ಸೆಮಿಸ್ಟರಿನ ಮೊದಲ ಮಾಡ್ಯೂಲಿನ ಪಟ್ಟಿಯನ್ನು ನಾವು ಮೂವರು ಶುರು ಮಾಡಿದ್ದೇವೆ. ಬೇರೆ ವಿಷಯಗಳಿಗೆ ಕೈ ಸೇರಿಸುವವರು ಬೇಕಾಗಿದ್ದಾರೆ.