ವಿಷಾದಪತ್ರವೂ ಬಾರದ ಊರುಗಳು: ರಾಯಚೂರು ಸೀಮೆಯ ಕಥೆಗಾರರ ಪಾಡು

2025ರ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಘೋಷಣೆಯಾದಾಗ ಕನ್ನಡ ನಾಡು ಸಂಭ್ರಮಿಸಿತು. ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮನಾಗಿ ಹಂಚಿಕೆಯಾಗುವ 50,000 ಪೌಂಡ್ ಬಹುಮಾನ ಅದು. ಸಣ್ಣಕಥೆಗಳ ಸಂಕಲನವೊಂದು ಈ ಪ್ರಶಸ್ತಿಯನ್ನು ಪಡೆದದ್ದು ಅದೇ ಮೊದಲು ಎಂಬುದು ಇನ್ನಷ್ಟು ಹೆಮ್ಮೆಯ ಸಂಗತಿ. ಅಭಿನಂದನೆಗಳ ಮಹಾಪೂರದಲ್ಲಿ ಒಂದು ಸಣ್ಣ ವಿವರ ಮಾತ್ರ ಹೆಚ್ಚು ಚರ್ಚೆಗೆ ಬರಲಿಲ್ಲ. ಬಾನು ಅವರ ಬರವಣಿಗೆ ಮೊದಲು ಬೆಳಕು ಕಂಡದ್ದು 1974ರಲ್ಲಿ, ‘ಪ್ರಜಾಮತ’ ಎಂಬ ಜನಪ್ರಿಯ ಕನ್ನಡ ಪತ್ರಿಕೆಯಲ್ಲಿ. ಅಂದರೆ ಲಂಡನ್ನಿನ ವೇದಿಕೆಗೆ ಹೋದ ದಾರಿ ಆರಂಭವಾದದ್ದು ಒಂದು ಲಕೋಟೆ, ಒಂದಿಷ್ಟು ಅಂಚೆಚೀಟಿ ಮತ್ತು ಅದನ್ನು ಒಡೆದು ಓದಿದ ಒಬ್ಬ ಸಂಪಾದಕನಿಂದ.

ಇಂದು ದೇವದುರ್ಗದಲ್ಲೋ ಮಾನ್ವಿಯಲ್ಲೋ ಕುಳಿತು ಮೊದಲ ಕಥೆ ಬರೆದ ಯುವಕ ಅಥವಾ ಯುವತಿಗೆ ಅಂಥ ದಾರಿ ಉಳಿದಿದೆಯೇ? ಕಥೆಯನ್ನು ಎಲ್ಲಿಗೆ ಕಳುಹಿಸಬೇಕು, ಉತ್ತರ ಯಾವಾಗ ಬರುತ್ತದೆ, ಬಾರದಿದ್ದರೆ ಏನೆಂದು ತಿಳಿಯಬೇಕು, ಪ್ರಕಟವಾದರೆ ದೊರೆಯುವುದೆಷ್ಟು? ಪ್ರಶಸ್ತಿಯ ಸಂಭ್ರಮ ತಣಿದ ಮೇಲಾದರೂ ಈ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಅಗತ್ಯ.

ಕಥೆಗೆ ಬರವಿಲ್ಲದ ಸೀಮೆ

ಕೃಷ್ಣೆ-ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿಗೆ ನೀರಿನ ಬರವಿದ್ದೀತು, ಮಾತಿನ ಬರವಿಲ್ಲ. ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು. ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಜಗನ್ನಾಥದಾಸರ ಹೆಸರು ಮಾನ್ವಿಯೊಡನೆ ಬೆಸೆದುಕೊಂಡಿದೆ. 1934ರಲ್ಲಿ, ರಾಯಚೂರು ಇನ್ನೂ ನಿಜಾಮರ ಆಳ್ವಿಕೆಯಲ್ಲಿದ್ದಾಗಲೇ ಇಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅದರ ಅಧ್ಯಕ್ಷತೆ ವಹಿಸಿದವರು ಪಂಜೆ ಮಂಗೇಶರಾಯರು. ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಮಂಗಳೂರಿನ ‘ಸುವಾಸಿನಿ’ ಪತ್ರಿಕೆಯಲ್ಲಿ ಬರೆದು ಕನ್ನಡ ಸಣ್ಣಕಥೆಗೆ ನಾಂದಿ ಹಾಡಿದವರಲ್ಲಿ ಪ್ರಮುಖರು ಅವರು. ಕನ್ನಡದ ಸಣ್ಣಕಥೆ ಹುಟ್ಟಿದ್ದೇ ಪತ್ರಿಕೆಯ ಪುಟದಲ್ಲಿ ಎಂಬುದನ್ನು ಇಲ್ಲಿ ನೆನೆಯುವುದು ಉಚಿತ. ಸಮ್ಮೇಳನ ರಾಯಚೂರಿಗೆ 2016ರ ಡಿಸೆಂಬರಿನಲ್ಲಿ ಬರಗೂರು ರಾಮಚಂದ್ರಪ್ಪ ಅವರ ಅಧ್ಯಕ್ಷತೆಯಲ್ಲಿ ಮತ್ತೆ ಬಂದಿತು. ಇದೇ ಜಿಲ್ಲೆಯ ಶಾಂತರಸರು 2006ರ ಬೀದರ್ ಸಮ್ಮೇಳನದ ಅಧ್ಯಕ್ಷರಾಗಿದ್ದರು.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಅಮರೇಶ ನುಗಡೋಣಿ ಅವರಿದ್ದಾರೆ. ಮಾನ್ವಿ ತಾಲ್ಲೂಕಿನ ನುಗಡೋಣಿ ಎಂಬ ಹಳ್ಳಿಯಿಂದ ಬಂದ ಅವರ ‘ಸವಾರಿ’ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ಅವರು ‘ಕನಸೆಂಬೋ ಕುದುರೆಯನೇರಿ’ ಚಿತ್ರವನ್ನು ನಿರ್ದೇಶಿಸಿದರು. ಅದಕ್ಕೆ ರಾಷ್ಟ್ರಪ್ರಶಸ್ತಿಯ ಮನ್ನಣೆಯೂ ದೊರೆಯಿತು. ಹಳ್ಳಿಯ ಕಥೆಯೊಂದು ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೆ ಇಂಥ ಹೆಸರುಗಳನ್ನು ಎಣಿಸಿ ಸಮಾಧಾನಪಟ್ಟುಕೊಳ್ಳುವುದು ಸುಲಭ. ತಲುಪಿದವರ ಹೆಸರು ನಮಗೆ ಗೊತ್ತಿದೆ. ಮೂರು ಕಥೆ ಕಳುಹಿಸಿ, ಮೂರಕ್ಕೂ ಉತ್ತರ ಬಾರದೆ, ನಾಲ್ಕನೆಯದನ್ನು ಬರೆಯದೇ ಹೋದವರ ಹೆಸರು ಯಾರಿಗೂ ಗೊತ್ತಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ರಾಯಚೂರು ಜಿಲ್ಲೆಯದು ಶೇ. 59.56 ಮಾತ್ರ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ದೇವದುರ್ಗವೂ ಸೇರಿತ್ತು. ಇಂಥಲ್ಲಿ ಕಥೆ ಬರೆಯಲು ಕೂರುವಾತ ಬಹುತೇಕ ಮನೆಯ ಮೊದಲ ಅಕ್ಷರಸ್ಥ ತಲೆಮಾರಿನವನು. ಅವನ ಛಲಕ್ಕೆ ಬೆನ್ನು ತಟ್ಟುವವರು ಮನೆಯಲ್ಲಿಲ್ಲ, ಊರಿನಲ್ಲಿಯೂ ವಿರಳ.

ಮಾರುವುದಲ್ಲ, ‘ಕಳುಹಿಸುವುದು’

ಕನ್ನಡದಲ್ಲಿ ಯಾರೂ ಕಥೆಯನ್ನು ‘ಮಾರಿದೆ’ ಎನ್ನುವುದಿಲ್ಲ, ‘ಕಳುಹಿಸಿದೆ’ ಎನ್ನುತ್ತಾರೆ. ಅದಕ್ಕೆ ಸಿಗುವುದು ಸಂಬಳವೂ ಅಲ್ಲ, ಕೂಲಿಯೂ ಅಲ್ಲ, ‘ಗೌರವಧನ’. ಪದ ಸುಂದರವಾಗಿದೆ. ಆದರೆ ಗೌರವಕ್ಕೆ ಬೆಲೆ ಕಟ್ಟಲಾಗದೆಂಬ ನೆಪದಲ್ಲಿ ಧನದ ಮಾತನ್ನು ತೇಲಿಸಿಬಿಡುವ ಸೌಕರ್ಯವೂ ಆ ಪದದಲ್ಲಿದೆ. ಎಷ್ಟು ಕೊಡುತ್ತೇವೆಂದು ಮೊದಲೇ ತಿಳಿಸುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ; ಕೇಳುವುದು ಸಂಕೋಚದ ವಿಷಯವಾಗಿ ಉಳಿಯಿತು.

ಕನ್ನಡದ ಬಹುಪಾಲು ಕಥೆಗಾರರು ಬೇರೆ ಉದ್ಯೋಗದ ಆಸರೆಯಲ್ಲಿಯೇ ಬರೆದವರು. ಮಾಸ್ತಿಯವರು ಸರ್ಕಾರಿ ಅಧಿಕಾರಿಯಾಗಿದ್ದರು, ಯಶವಂತ ಚಿತ್ತಾಲರು ಮುಂಬೈಯ ಉದ್ಯಮದಲ್ಲಿದ್ದರು, ನುಗಡೋಣಿಯವರು ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು. ಕಥೆಯಿಂದ ಹೊಟ್ಟೆ ತುಂಬದೆಂಬುದು ಹೊಸ ಸಂಗತಿಯೇನಲ್ಲ. ಆದರೆ ಸಂಬಳವಿರುವವನಿಗೆ ತಿರಸ್ಕಾರ ಮನಸ್ಸಿನ ನೋವು ಮಾತ್ರ; ಹೊಲದ ಕೆಲಸದ ಒಂದು ದಿನ ಬಿಟ್ಟು, ಪಟ್ಟಣಕ್ಕೆ ಬಸ್ಸಿನಲ್ಲಿ ಬಂದು, ಡಿಟಿಪಿ ಅಂಗಡಿಯಲ್ಲಿ ಪುಟದ ಲೆಕ್ಕದಲ್ಲಿ ಹಣ ತೆತ್ತು ಟೈಪು ಮಾಡಿಸಿದವನಿಗೆ ಅದು ನಷ್ಟವೂ ಹೌದು. ಗೌರವಧನ ಅಲ್ಪವಾದರೂ ಅದರ ಮೊತ್ತವನ್ನು ಪತ್ರಿಕೆಗಳು ಮುಂಚಿತವಾಗಿ ಪ್ರಕಟಿಸಬೇಕು ಎನ್ನುವುದು ಈ ಕಾರಣಕ್ಕೆ.

ಹಿಂದಿರುಗಿದ ಕಥೆ, ಮೌನವಾದ ಕಥೆ

ಅಂಚೆಯ ಕಾಲದಲ್ಲಿ ಒಂದು ನಿಯಮವಿತ್ತು. ಅಂಚೆಚೀಟಿ ಅಂಟಿಸಿದ ಸ್ವವಿಳಾಸದ ಲಕೋಟೆಯನ್ನು ಕಥೆಯ ಜೊತೆ ಇಡಬೇಕು. ಅಸ್ವೀಕೃತವಾದರೆ ಹಸ್ತಪ್ರತಿ ಅದೇ ಲಕೋಟೆಯಲ್ಲಿ ಮರಳುತ್ತಿತ್ತು. ಜೊತೆಗೆ ‘ವಿಷಾದಪೂರ್ವಕವಾಗಿ ಹಿಂದಿರುಗಿಸಲಾಗಿದೆ’ ಎಂಬ ಅಚ್ಚಿನ ಚೀಟಿ. ತನ್ನದೇ ಕೈಬರಹದ ವಿಳಾಸವುಳ್ಳ ಲಕೋಟೆಯನ್ನು ಅಂಚೆಯವನ ಕೈಯಲ್ಲಿ ಕಂಡೊಡನೆ ಬರೆದವನಿಗೆ ಸುದ್ದಿ ತಿಳಿದುಬಿಡುತ್ತಿತ್ತು. ಅದು ಕಹಿಯೇ ಸರಿ. ಆದರೆ ಅದು ಉತ್ತರವಾಗಿತ್ತು. ಕಥೆ ತಲುಪಿದೆ, ಯಾರೋ ಓದಿದ್ದಾರೆ, ಈಗ ಬೇರೆಡೆಗೆ ಕಳುಹಿಸಲು ತಾನು ಸ್ವತಂತ್ರ ಎಂಬ ಮೂರು ಸಂಗತಿಗಳು ಆ ಚೀಟಿಯಿಂದ ಸ್ಪಷ್ಟವಾಗುತ್ತಿದ್ದವು.

ಮಿಂಚಂಚೆ ಬಂದ ಮೇಲೆ ಕಳುಹಿಸುವ ಖರ್ಚು ಇಲ್ಲವಾಯಿತು. ಉತ್ತರಿಸುವ ಪದ್ಧತಿಯೂ ಬಹುಮಟ್ಟಿಗೆ ಅಳಿಯಿತು. ‘ಇಂತಿಷ್ಟು ತಿಂಗಳಲ್ಲಿ ಪ್ರಕಟವಾಗದಿದ್ದರೆ ಅಸ್ವೀಕೃತವೆಂದು ತಿಳಿಯಿರಿ’ ಎಂಬ ಸೂಚನೆ ಇದ್ದರೆ ಅದೇ ಭಾಗ್ಯ. ಅದೂ ಇಲ್ಲದೆಡೆ ಕಥೆ ವರ್ಷಗಟ್ಟಲೆ ತೂಗಾಡುತ್ತದೆ. ಒಂದೇ ಕಥೆಯನ್ನು ಏಕಕಾಲಕ್ಕೆ ಎರಡು ಕಡೆ ಕಳುಹಿಸಬಾರದೆಂಬ ಶಿಷ್ಟಾಚಾರವನ್ನು ಪಾಲಿಸುವ ಪ್ರಾಮಾಣಿಕನೇ ಇಲ್ಲಿ ಹೆಚ್ಚು ನಷ್ಟ ಅನುಭವಿಸುತ್ತಾನೆ.

ಸಂಪಾದಕರ ಪಕ್ಷದ ವಾದವನ್ನೂ ಕೇಳಬೇಕು. ಪುರವಣಿ ವಿಭಾಗಗಳಲ್ಲಿ ಕೆಲಸ ಮಾಡಿದವರಿಗೆ ಇದು ತಿಳಿಯದ್ದಲ್ಲ: ಬರುವ ಕಥೆಗಳ ರಾಶಿ ದೊಡ್ಡದು, ಓದುವ ಕಣ್ಣುಗಳು ಎರಡೋ ನಾಲ್ಕೋ. ಕೊನೆಯ ಗಳಿಗೆಯಲ್ಲಿ ಜಾಹೀರಾತು ಬಂದರೆ ಕಥೆಯ ಜಾಗ ಅರ್ಧವಾಗುತ್ತದೆ. ಆಗ ಉತ್ತಮ ಕಥೆಗಿಂತ ಅಳತೆಗೆ ಹೊಂದುವ ಕಥೆಗೆ ಅವಕಾಶ ಸಿಗುತ್ತದೆ. ಹಬ್ಬದ ಕಥೆ ಹಬ್ಬ ಕಳೆದ ಮೇಲೆ ಬಂದಿರುತ್ತದೆ. ಅದೇ ವಸ್ತುವಿನ ಇನ್ನೊಂದು ಕಥೆ ಹಿಂದಿನ ವಾರವಷ್ಟೇ ಅಚ್ಚಾಗಿರುತ್ತದೆ. ಅಸ್ವೀಕಾರವೆಂಬುದು ಬಹಳ ಸಲ ಕಥೆಯ ಗುಣದ ಮೇಲಿನ ತೀರ್ಪಲ್ಲ, ಆ ವಾರದ ಪುಟದ ಲೆಕ್ಕಾಚಾರ. ಇದನ್ನು ಒಂದು ಸಾಲಿನಲ್ಲಿ ತಿಳಿಸಿದರೆ ಬರೆದವನ ಅರ್ಧ ನೋವು ಕಡಿಮೆಯಾದೀತು. ತಿಳಿಸದಿದ್ದಾಗ ಆತ ತನ್ನ ಕಥೆಯನ್ನಲ್ಲ, ತನ್ನನ್ನೇ ತಿರಸ್ಕರಿಸಲಾಗಿದೆ ಎಂದು ಭಾವಿಸುತ್ತಾನೆ.

ನುಡಿಯ ತೊಡಕು

ಈ ಸೀಮೆಗೆ ವಿಶಿಷ್ಟವಾದ ಮತ್ತೊಂದು ತೊಡಕಿದೆ. ರಾಯಚೂರಿನ ಕನ್ನಡದಲ್ಲಿ ಉರ್ದು ಬೆರೆತಿದೆ, ತೆಲುಗು ಬೆರೆತಿದೆ. 1956ರ ನವೆಂಬರ್ 1ರವರೆಗೂ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ನೆಲದ ನುಡಿ ಹಾಗಿರುವುದು ಸಹಜ. ಆದರೆ ಕಥೆಗಳನ್ನು ಪ್ರಕಟಿಸುವ ಪ್ರಮುಖ ನಿಯತಕಾಲಿಕಗಳು ಬೆಳೆದದ್ದು ಬೆಂಗಳೂರು, ಹುಬ್ಬಳ್ಳಿ, ಮಣಿಪಾಲಗಳಲ್ಲಿ. ಗುಳೆ ಹೋಗುವ ಕುಟುಂಬದ ಅಥವಾ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ನೀರಿಗಾಗಿ ರಾತ್ರಿಯಿಡೀ ಕಾಯುವ ರೈತನ ಸಂಭಾಷಣೆಯನ್ನು ಅವನದೇ ಮಾತಿನಲ್ಲಿ ಬರೆದರೆ ದೂರದ ಮೇಜಿನಲ್ಲಿ ಕುಳಿತವರಿಗೆ ಅದು ಅಪರಿಚಿತವೆನಿಸಬಹುದು. ತಿದ್ದಿ ಶಿಷ್ಟ ಕನ್ನಡದಲ್ಲಿ ಬರೆದರೆ ಕಥೆಯ ಜೀವವೇ ಹೋಗುತ್ತದೆ.

ಇದಕ್ಕೆ ಉತ್ತರ ಕನ್ನಡ ಸಾಹಿತ್ಯದಲ್ಲಿಯೇ ಇದೆ. ಆಡುನುಡಿಯಲ್ಲಿ ಬರೆದ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಕಲಬುರಗಿಯ ನೆಲದ ಮಾತನ್ನು ಬರವಣಿಗೆಗೆ ತಂದ ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಅದೇ ಪ್ರಶಸ್ತಿ ಸಂದಿತು. ಮೊದಲು ಕಷ್ಟವೆನಿಸಿದ ನುಡಿಗೆ ಓದುಗ ಹೊಂದಿಕೊಳ್ಳುತ್ತಾನೆ. ಹೊಂದಿಕೊಳ್ಳಲು ಅವಕಾಶ ಕೊಡಬೇಕಾದವರು ಸಂಪಾದಕರು.

ಬರೆಯುವವರು ಮಾಡಬೇಕಾದುದು

ದೋಷವೆಲ್ಲ ಪತ್ರಿಕೆಗಳದೇ ಎಂದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಪತ್ರಿಕೆಯ ನಾಲ್ಕು ಸಂಚಿಕೆಗಳನ್ನು ಸಹ ಓದದೆ ಅದಕ್ಕೆ ಕಥೆ ಕಳುಹಿಸುವವರಿದ್ದಾರೆ. ಪದಮಿತಿ ಮೀರಿದ ಕಥೆ, ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿದ್ದು ತೆರೆದಾಗ ಗೊಜಲಾಗಿ ಕಾಣುವ ಕಡತ, ದೂರವಾಣಿ ಸಂಖ್ಯೆಯಿಲ್ಲದ ಹಾಳೆ ಓದುವ ಮೊದಲೇ ಬದಿಗೆ ಸರಿಯುತ್ತವೆ. ಯುನಿಕೋಡ್‌ಗೆ ಪರಿವರ್ತಿಸಿ, ಒಮ್ಮೆ ಬೇರೊಂದು ಗಣಕದಲ್ಲಿ ತೆರೆದು ನೋಡಿ ಕಳುಹಿಸುವುದು ದೊಡ್ಡ ಕೆಲಸವಲ್ಲ.

ಒಂದು ಸಣ್ಣ ವಹಿಯನ್ನು ಇಡುವುದು ಒಳ್ಳೆಯದು: ಯಾವ ಕಥೆ, ಯಾವ ಪತ್ರಿಕೆಗೆ, ಯಾವ ದಿನ, ಏನು ಉತ್ತರ. ಮೂರು ತಿಂಗಳು ಕಾದು, ವಿಚಾರಿಸಿ ಒಂದು ಪತ್ರ ಬರೆದು, ಉತ್ತರವಿಲ್ಲದಿದ್ದರೆ ಕಥೆಯನ್ನು ಹಿಂಪಡೆದಿರುವುದಾಗಿ ತಿಳಿಸಿ ಬೇರೆಡೆಗೆ ಕಳುಹಿಸಬಹುದು. ಹಿಂದಿರುಗಿದ ಕಥೆಯನ್ನು ಯಾರಾದರೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಕೇಳುವವರ ಗಮನ ಎಲ್ಲಿ ಚದುರುತ್ತದೆಯೋ ಅಲ್ಲಿ ಕತ್ತರಿ ಬೇಕು. ಇಬ್ಬರು ಸಂಪಾದಕರು ಒಂದೇ ಕೊರತೆಯನ್ನು ತೋರಿಸಿದರೆ ತಿದ್ದಬೇಕು; ಒಬ್ಬರಷ್ಟೇ ಹೇಳಿದ್ದರೆ ಯೋಚಿಸಬೇಕು. ಹೆಸರಿಲ್ಲದ ಪ್ರತಿಯನ್ನು ತೀರ್ಪುಗಾರರಿಗೆ ಕೊಡುವ ಕಥಾಸ್ಪರ್ಧೆಗಳು ಮತ್ತು ಚೊಚ್ಚಲ ಸಂಕಲನದ ಹಸ್ತಪ್ರತಿಗೆ ಬಹುಮಾನ ನೀಡುವ ಛಂದ ಪುಸ್ತಕದಂಥ ಪ್ರಕಾಶನಗಳು ದೂರದ ತಾಲ್ಲೂಕಿನವರಿಗೆ ನ್ಯಾಯವಾದ ಬಾಗಿಲುಗಳು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಹಣ ಕೊಟ್ಟರೆ ಸಂಕಲನದಲ್ಲಿ ಕಥೆ ಸೇರಿಸುತ್ತೇವೆ, ಇಷ್ಟು ಕಟ್ಟಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆ ಎನ್ನುವವರು ಪದೇ ಪದೇ ತಿರಸ್ಕೃತರಾದವರನ್ನೇ ಹುಡುಕಿಕೊಂಡು ಬರುತ್ತಾರೆ. ಹೆದರಬೇಕಾದುದು ಅಂಥ ಸ್ವೀಕಾರಕ್ಕೆ, ವಿಷಾದಪತ್ರಕ್ಕಲ್ಲ.

ಹೊಸ್ತಿಲ ಬಳಿ ಒಬ್ಬ ಗೆಳೆಯ

ಛಲ ಬಿಡಬಾರದು ಎನ್ನುವಾಗಲೆಲ್ಲ ಆರ್.ಕೆ. ನಾರಾಯಣ್ ಅವರ ಉದಾಹರಣೆ ಕೊಡುವುದುಂಟು. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹಸ್ತಪ್ರತಿಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಿಂದಿರುಗಿಸಿದಾಗ, ಅದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು ಅವರು ಇಂಗ್ಲೆಂಡಿನಲ್ಲಿದ್ದ ಗೆಳೆಯನಿಗೆ ಬರೆದಿದ್ದರಂತೆ. ಗೆಳೆಯ ಎಸೆಯಲಿಲ್ಲ; ಗ್ರಹಾಂ ಗ್ರೀನ್ ಅವರ ಕೈಗೆ ಕೊಟ್ಟರು. 1935ರಲ್ಲಿ ಪುಸ್ತಕ ಹೊರಬಂತು. ಈ ಪ್ರಸಂಗದ ಪಾಠ ಲೇಖಕನ ಛಲವಲ್ಲ, ಆತ ಆಗಲೇ ಸೋತಿದ್ದ. ಉಳಿಸಿದ್ದು ಬಾಗಿಲಿನ ಹತ್ತಿರ ಇದ್ದ ಒಬ್ಬ ಗೆಳೆಯ. ಬೆಂಗಳೂರಿನಿಂದ ಸುಮಾರು 400 ಕಿ.ಮೀ. ದೂರದಲ್ಲಿರುವ ರಾಯಚೂರಿನ, ಅಲ್ಲಿಂದಲೂ ಒಳಗಿರುವ ದೇವದುರ್ಗದ ಕಥೆಗಾರನಿಗೆ ಇಲ್ಲದಿರುವುದು ಪ್ರತಿಭೆಯಲ್ಲ, ಅಂಥ ಗೆಳೆಯ.

ಆ ಸ್ಥಾನವನ್ನು ಸಂಸ್ಥೆಗಳು ತುಂಬಬೇಕು. 2023-24ರ ಆಯವ್ಯಯದಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂ. ಘೋಷಿಸಲಾಯಿತು. ರಸ್ತೆ, ಶಾಲೆ, ಆಸ್ಪತ್ರೆಗಳೇ ಮೊದಲ ಆದ್ಯತೆಯಾಗಬೇಕು, ನಿಜ. ಆದರೆ ಅಂಥ ಮೊತ್ತದ ಕಣ್ಣಿಗೆ ಕಾಣದಷ್ಟು ಸಣ್ಣ ಭಾಗದಲ್ಲಿ ಈ ಪ್ರದೇಶದ ಕಥೆಗಳಿಗೆ ಮೀಸಲಾದ, ನಿಗದಿತ ಗೌರವಧನ ನೀಡುವ, ಅರವತ್ತು ದಿನದೊಳಗೆ ಹೌದು-ಅಲ್ಲ ಎಂದು ತಿಳಿಸುವ ಒಂದು ತ್ರೈಮಾಸಿಕವನ್ನು ನಡೆಸಬಹುದು. ಸಮ್ಮೇಳನದ ಮೂರು ದಿನದ ಪೆಂಡಾಲಿಗಿಂತ ಅದರ ಬಾಳಿಕೆ ಹೆಚ್ಚು. ತಾಲ್ಲೂಕು ಗ್ರಂಥಾಲಯಗಳಲ್ಲಿ ತಿಂಗಳಿಗೊಮ್ಮೆ ಅಪ್ರಕಟಿತ ಕಥೆಗಳ ಓದು ಏರ್ಪಡಿಸಲು ಅನುದಾನವೂ ಬೇಕಿಲ್ಲ. ಒಂದು ಕೋಣೆ, ಹತ್ತು ಕುರ್ಚಿ ಸಾಕು.

ಪತ್ರಿಕೆಗಳು ಮತ್ತು ಜಾಲತಾಣಗಳು ತಕ್ಷಣ ಮಾಡಬಹುದಾದ ಕೆಲಸ ಇನ್ನೂ ಸುಲಭ. ಪ್ರಕಟಿಸಲಾಗದ ಪ್ರತಿ ಕಥೆಗೂ ಎರಡು ಸಾಲಿನ ಉತ್ತರ ಬರೆಯಲಿ. ಹಿಂದಿನವರು ವಿಷಾದಪತ್ರವನ್ನಾದರೂ ಅಚ್ಚು ಹಾಕಿಸಿ ಇಟ್ಟುಕೊಂಡಿದ್ದರು. ‘ಇಲ್ಲ’ ಎನಿಸಿಕೊಂಡವನು ನಾಳೆ ಮತ್ತೆ ಬರೆಯುತ್ತಾನೆ. ಏನನ್ನೂ ಕೇಳಿಸಿಕೊಳ್ಳದವನು ನಿಲ್ಲಿಸಿಬಿಡುತ್ತಾನೆ. ಹಾಗೆ ನಿಂತುಹೋದವರ ಜೊತೆಗೆ ಗುಳೆಯ ಕಥೆ, ಕಾಲುವೆಯ ಕೊನೆಭಾಗದ ಕಥೆ ಎಲ್ಲವೂ ಹೋಗುತ್ತವೆ. ಆಮೇಲೆ ಈ ನಾಡಿನ ಬದುಕು ನಮಗೆ ಸಿಗುವುದು ಅಂಕಿ-ಅಂಶಗಳ ವರದಿಯಲ್ಲಿ ಮಾತ್ರ.