ಎಳ್ಳಿನ ತಟ್ಟೆ ತಲುಪದ ಬೀದಿ

ಕಳೆದ ಸಂಕ್ರಾಂತಿಗೆ ಬೆಂಗಳೂರಿನ ನಮ್ಮ ಮನೆಯಲ್ಲಿ 40 ಎಳ್ಳಿನ ಪೊಟ್ಟಣಗಳನ್ನು ಸಿದ್ಧಪಡಿಸಿದ್ದೆವು. ಸಂಜೆ ಐದರಿಂದ ಎಂಟರವರೆಗೆ ಬಾಗಿಲು ತೆರೆದಿಟ್ಟು ಕಾದರೂ ಬಂದ ಮಕ್ಕಳು 13 ಮಾತ್ರ. ಉಳಿದದ್ದನ್ನು ನನ್ನ ಪತ್ನಿ ಡಬ್ಬಿಗೆ ಸುರಿದು, ‘ಮುಂದಿನ ವರ್ಷ 20 ಸಾಕು’ ಎಂದಳು. ಅರ್ಥಶಾಸ್ತ್ರ ಓದಿ, ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರದ ಕಡತಗಳ ನಡುವೆ ಕಳೆದ ನನಗೆ ಬೇಡಿಕೆಯ ಈ ಅಂದಾಜು ಸರಿಯೆನಿಸಿದರೂ ಸಮಾಧಾನ ತರಲಿಲ್ಲ. ಮಕ್ಕಳೆಲ್ಲ ಎಲ್ಲಿ ಹೋದರು?

ಇದೇ ಪ್ರಶ್ನೆಯನ್ನು ಅಮೆರಿಕದವರು ನಮಗಿಂತ ಗಂಭೀರವಾಗಿ ಕೇಳಿಕೊಳ್ಳುತ್ತಾರೆ. ಕೆಲವು ವರ್ಷಗಳ ಹಿಂದೆ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ ಅಕ್ಟೋಬರ್ 31ರ ಹ್ಯಾಲೋವೀನ್ ಸಂಜೆಯನ್ನು ಕಂಡೆ. ಭೂತ, ಮಾಟಗಾತಿ, ಸಿನಿಮಾ ನಾಯಕರ ವೇಷ ತೊಟ್ಟ ಮಕ್ಕಳು ಚೀಲ ಹಿಡಿದು ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ಜಗಲಿಯ ದೀಪ ಉರಿಯುತ್ತಿದ್ದರೆ ಬರಬಹುದೆಂದು ಅರ್ಥ. ಆರಿದ್ದರೆ ಮುಂದಿನ ಮನೆ. ಮಗಳ ಬೀದಿಗೆ ಬಂದವರು ಹತ್ತಿಪ್ಪತ್ತು ಮಕ್ಕಳು. ಎರಡು ಬೀದಿಗಳಾಚೆ ಮಿಠಾಯಿ ಮುಗಿದು ಜನ ಅಂಗಡಿಗೆ ಓಡುತ್ತಿದ್ದರು. ಮನೆಗಳ ಮಾರಾಟ ಮಾಹಿತಿ ನೀಡುವ ‘ಝಿಲ್ಲೋ’ ಎಂಬ ಸಂಸ್ಥೆಯಂತೂ ಮನೆಯ ಬೆಲೆ, ಮನೆಗಳ ಸಾಂದ್ರತೆ, ನಡೆದಾಡುವ ಅನುಕೂಲ ಮುಂತಾದವನ್ನು ಲೆಕ್ಕ ಹಾಕಿ, ಮಿಠಾಯಿ ಸಂಗ್ರಹಕ್ಕೆ ಯಾವ ನಗರ, ಯಾವ ಬಡಾವಣೆ ಉತ್ತಮವೆಂಬ ಸೂಚ್ಯಂಕವನ್ನೇ ಪ್ರಕಟಿಸಿತ್ತು.

ಅಲ್ಲಿನ ಮಕ್ಕಳ ಆಯ್ಕೆ ಅರ್ಥಶಾಸ್ತ್ರದ ಪಠ್ಯದಂತಿದೆ: ಕಡಮೆ ನಡಿಗೆ, ಹೆಚ್ಚು ಮಿಠಾಯಿ. ಬಡ ಬಡಾವಣೆಯ ತಂದೆತಾಯಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಶ್ರೀಮಂತರ ಬೀದಿಗೆ ಬರುವುದುಂಟು. ‘ಇವರು ನಮ್ಮ ಬೀದಿಯವರಲ್ಲ’ ಎಂದು ಅಲ್ಲಿ ಗೊಣಗುವವರೂ ಇದ್ದಾರೆ. ಆದರೂ ಒಂದು ಮಾತನ್ನು ಒಪ್ಪಬೇಕು: ದೀಪ ಉರಿಯುತ್ತಿರುವ ಮನೆಯ ಮುಂದೆ ನಿಂತ ಮಗುವನ್ನು, ನೀನು ಯಾರ ಪೈಕಿ ಎಂದು ಯಾರೂ ಕೇಳಿದ್ದನ್ನು ನಾನು ಕಾಣಲಿಲ್ಲ.

ನಮ್ಮಲ್ಲಿಯೂ ಮಕ್ಕಳು ಮನೆಮನೆ ಸುತ್ತುವ ಹಬ್ಬಗಳಿಗೆ ಕೊರತೆಯಿಲ್ಲ. ಗೌರಿಗಣೇಶನ ಹಬ್ಬಕ್ಕೆ ಅಕ್ಷತೆ ಹಿಡಿದು 108 ಗಣಪತಿಗಳನ್ನು ನೋಡಿಬರುವ ಪಂತ, ದಸರೆಯಲ್ಲಿ ‘ಗೊಂಬೆ ಕೂರಿಸಿದ್ದೀರಾ?’ ಎಂದು ಕೇಳಿ ಗೊಂಬೆಬಾಗಿನ ಪಡೆಯುವ ಸಂಭ್ರಮ ಹಳೆ ಮೈಸೂರು ಸೀಮೆಯವರಿಗೆ ಗೊತ್ತು. ಎಳ್ಳು ಬೀರುವುದು ಮಾತ್ರ ಇವೆಲ್ಲಕ್ಕಿಂತ ಭಿನ್ನ. ಇಲ್ಲಿ ಮಗು ಬರಿಗೈಯಲ್ಲಿ ಬರುವುದಿಲ್ಲ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆಯ ಮಿಶ್ರಣದ ಜೊತೆಗೆ ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು ತರುತ್ತದೆ. ಅಷ್ಟನ್ನೇ ಪಡೆದು ಹೋಗುತ್ತದೆ. ಮಾರುಕಟ್ಟೆಯ ದೃಷ್ಟಿಯಲ್ಲಿ ಇದೊಂದು ವ್ಯರ್ಥ ವಿನಿಮಯ: ಕೊಟ್ಟದ್ದೂ ಎಳ್ಳು, ಪಡೆದದ್ದೂ ಎಳ್ಳು. ಲಾಭವೆಲ್ಲ ಇರುವುದು ಆ ಹೊಸ್ತಿಲನ್ನು ದಾಟುವುದರಲ್ಲಿ. ಆದ್ದರಿಂದಲೇ ಯಾವ ಹೊಸ್ತಿಲನ್ನು ದಾಟಬೇಕೆಂಬುದನ್ನು ನಾವು ಮಕ್ಕಳಿಗೆ ಬಿಡಲಿಲ್ಲ. ಅದಕ್ಕೊಂದು ಪಟ್ಟಿ ಇರುತ್ತಿತ್ತು.

ನಾನು ಹುಟ್ಟಿದ್ದು ಮದ್ದೂರು ತಾಲ್ಲೂಕಿನ ನಿಡಘಟ್ಟದಲ್ಲಿ. ಚನ್ನಪಟ್ಟಣ ದಾಟಿ ಮದ್ದೂರು ಸೇರುವ ಮೊದಲು ಸಿಗುವ ಊರು. 1960ರ ದಶಕದ ಕೊನೆಯ ಸಂಕ್ರಾಂತಿಗಳು ನನಗೆ ನೆನಪಿವೆ. ಮಧ್ಯಾಹ್ನವೇ ದನಗಳ ಮೈತೊಳೆದು ಕೊಂಬಿಗೆ ಬಣ್ಣ ಬಳಿಯುತ್ತಿದ್ದರು. ಸಂಜೆ ಕಿಚ್ಚು ಹಾಯಿಸುವುದು. ಅದಕ್ಕೂ ಮುನ್ನ ಅಕ್ಕ ಹೊಸ ಲಂಗ ಉಟ್ಟು ತಟ್ಟೆ ಹಿಡಿದು ಹೊರಡುತ್ತಿದ್ದಳು. ಚೀಲ ಹೊರುವ ಕೆಲಸ ನನ್ನದು. ಅವ್ವ ಬಾಗಿಲಲ್ಲಿ ನಿಂತು ಮನೆಗಳ ಹೆಸರು ಹೇಳುತ್ತಿದ್ದಳು: ಶಾನುಭೋಗರ ಮನೆ, ಪಟೇಲರ ಮನೆ, ಮೇಷ್ಟ್ರ ಮನೆ, ಬಾವಿಯ ಪಕ್ಕದ ಮೂರು ಮನೆ. ಪಟ್ಟಿ ಒಂದು ಬೀದಿಯ ತಿರುವಿನಲ್ಲಿ ನಿಲ್ಲುತ್ತಿತ್ತು. ತಿರುವಿನಾಚೆ ಇದ್ದುದು ದಲಿತರ ಕೇರಿ.

ಒಂದು ವರ್ಷ ಅಕ್ಕ, ಆ ಕೇರಿಯ ತನ್ನ ಸಹಪಾಠಿಯ ಮನೆಗೆ ಹೋಗಲೇ ಎಂದು ಕೇಳಿದಳು. ‘ಇಸ್ಕೂಲಲ್ಲೇ ಕೊಡು’ ಎಂದಳು ಅವ್ವ. ಅವ್ವ ಕೆಟ್ಟವಳಲ್ಲ, ಕೊಡಬೇಡ ಎನ್ನಲಿಲ್ಲ. ಮರುದಿನ ಅಕ್ಕ ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಕೊಟ್ಟಳು. ಆ ಹುಡುಗಿಯೂ ಕಾದಿದ್ದವಳಂತೆ ಲಂಗದ ಮಡಿಕೆಯಿಂದ ಚಿಕ್ಕದೊಂದು ಪೊಟ್ಟಣ ತೆಗೆದು ಅಕ್ಕನ ಕೈಗಿತ್ತಳು. ಅಕ್ಕ ಅಲ್ಲಿಯೇ ತಿಂದಳು. ನಾನು ನೋಡಿದೆ, ಮನೆಗೆ ಬಂದು ಹೇಳಿದೆ. ಅಂದು ಅಕ್ಕನಿಗೆ ಬಿದ್ದ ಏಟುಗಳ ಶಬ್ದ ನನಗೆ ಇಂದಿಗೂ ಕೇಳುತ್ತದೆ. ಕೊಡಬಹುದಿತ್ತು, ಪಡೆಯಬಾರದಿತ್ತು. ಅಸ್ಪೃಶ್ಯತೆಯ ಇಡೀ ವ್ಯಾಕರಣ ಆ ಒಂದು ವಾಕ್ಯದಲ್ಲಿತ್ತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿ ಆಗಲೇ ಎರಡು ದಶಕಗಳಾಗುತ್ತ ಬಂದಿದ್ದವು.

ಮುಂದೆ ಅಧಿಕಾರಿಯಾಗಿ ನಾನು ಹಲವು ಹಳ್ಳಿಗಳಲ್ಲಿ ಸಭೆ ನಡೆಸಿದೆ. ಕುಡಿಯುವ ನೀರಿನ ತೊಟ್ಟಿ ಎಲ್ಲರಿಗೂ ಮುಕ್ತವೇ, ಹೋಟೆಲಿನಲ್ಲಿ ಪ್ರತ್ಯೇಕ ಲೋಟ ಇದೆಯೇ, ದೇವಸ್ಥಾನ ಪ್ರವೇಶಕ್ಕೆ ಅಡ್ಡಿಯುಂಟೇ ಎಂದು ವಿಚಾರಿಸಿದೆ. ‘ಇಲ್ಲ ಸ್ವಾಮಿ, ನಮ್ಮೂರಲ್ಲಿ ಅಂಥದ್ದೇನೂ ಇಲ್ಲ’ ಎಂಬ ಉತ್ತರವನ್ನು ಬರೆದುಕೊಂಡೆ. ಸಂಕ್ರಾಂತಿಯ ತಟ್ಟೆ ಯಾವ ಮನೆಯವರೆಗೆ ಹೋಗುತ್ತದೆ ಎಂದು ಒಮ್ಮೆಯೂ ಕೇಳಲಿಲ್ಲ. ಅಂಥ ಪ್ರಶ್ನೆಗೆ ನಮ್ಮ ನಮೂನೆಗಳಲ್ಲಿ ಕಾಲಂ ಇರಲಿಲ್ಲ ಎಂಬುದು ನೆಪ. ಉತ್ತರ ನನಗೆ ಗೊತ್ತಿತ್ತು ಎಂಬುದು ನಿಜ.

ಈಗ ನಗರಕ್ಕೆ ಬರೋಣ. ಮನೆಬಾಗಿಲಿಗೆ ಮಕ್ಕಳು ಕಡಮೆಯಾಗಲು ಮೊದಲ ಕಾರಣ ಸರಳ: ಮಕ್ಕಳೇ ಕಡಮೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 2005–06ರಲ್ಲಿ 2.1 ಇದ್ದದ್ದು 2019–21ರ ಹೊತ್ತಿಗೆ 1.7ಕ್ಕೆ ಇಳಿದಿತ್ತು. ಇದರ ಹಿಂದೆ ಕಹಿಯಾದ ಇನ್ನೊಂದು ಸಂಗತಿಯೂ ಇದೆ. ಎಳ್ಳು ಬೀರುವವರು ಹೆಣ್ಣುಮಕ್ಕಳು. ಆ ಎಳ್ಳಿಗೆ ಬೆಲ್ಲ ಕೊಡುವ ನಮ್ಮ ಮಂಡ್ಯ ಜಿಲ್ಲೆಯಲ್ಲಿಯೇ, ಆಲೆಮನೆಯೊಂದರೊಳಗೆ ಭ್ರೂಣಲಿಂಗ ಪತ್ತೆಯ ಅಕ್ರಮ ಸ್ಕ್ಯಾನಿಂಗ್ ನಡೆಯುತ್ತಿತ್ತೆಂಬುದು 2023ರ ನವೆಂಬರಿನಲ್ಲಿ ಬಯಲಾಯಿತು. ಬಾಗಿಲಿಗೆ ಬರಬೇಕಾದ ಹುಡುಗಿಯರಲ್ಲಿ ಕೆಲವರು ಹುಟ್ಟಲೇ ಇಲ್ಲ.

ಎರಡನೆಯ ಕಾರಣ ಗೇಟು. ನಮ್ಮ ಬಡಾವಣೆಯ ಪಕ್ಕದ ವಸತಿ ಸಮುಚ್ಚಯದಲ್ಲಿರುವ ಸ್ನೇಹಿತರ ಮನೆಗೆ ಅದೇ ಸಂಜೆ ನೂರಕ್ಕೂ ಹೆಚ್ಚು ಮಕ್ಕಳು ಬಂದಿದ್ದರಂತೆ. ಸಂತೋಷವೇ. ಆದರೆ ಬಂದವರೆಲ್ಲ ಗೇಟಿನ ಒಳಗಿನವರು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನಮ್ಮ ಮನೆಗೆ ಬನ್ನಿ’ ಎಂದು ಫ್ಲ್ಯಾಟ್ ಸಂಖ್ಯೆ ನಮೂದಿಸಿದವರ ಪಟ್ಟಿ ಮೊದಲೇ ತಯಾರಾಗಿತ್ತು. ಆ ಪಟ್ಟಿಯಲ್ಲಿ ಜಾತಿಯ ಮಾತಿಲ್ಲ. ಆದರೆ ಅದೇ ಮನೆಗಳಲ್ಲಿ ಪಾತ್ರೆ ತೊಳೆಯುವವರ, ಗೇಟು ಕಾಯುವವರ ಮಕ್ಕಳು ಅಲ್ಲಿ ಇರಲಿಲ್ಲ. ಅವರಿಗೂ ಪೊಟ್ಟಣಗಳು ಹೋಗಿದ್ದವು, ತಾಯಂದಿರ ಕೈಯಲ್ಲಿ, ಕೆಲಸ ಮುಗಿದ ಮೇಲೆ. ‘ಇಸ್ಕೂಲಲ್ಲೇ ಕೊಡು’ ಎಂದ ನನ್ನ ಅವ್ವನಿಗೂ ವಿದ್ಯಾವಂತರಾದ ನಮಗೂ ಏನು ವ್ಯತ್ಯಾಸ?

ಸುರಕ್ಷತೆಯ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಅಪರಿಚಿತರ ಮನೆಗೆ ಮಗುವನ್ನು ಕಳಿಸಲು ತಾಯಿ ಹೆದರುವ ಕಾಲ ಇದು. ಆದರೆ ಭಯಕ್ಕೆ ಮದ್ದು ಪರಿಚಯವೇ ಹೊರತು ಗೋಡೆಯಲ್ಲ. ಪರಿಚಯ ಮಾಡಿಸಲೆಂದೇ ಇದ್ದ ಹಬ್ಬವನ್ನು ಗೋಡೆಯೊಳಗೆ ಆಚರಿಸಿದರೆ ಭಯ ಉಳಿದೇ ಉಳಿಯುತ್ತದೆ.

ಕಳೆದ ವರ್ಷ ನಿಡಘಟ್ಟಕ್ಕೆ ಹೋಗಿದ್ದೆ. ಊರಿನ ಹೆಸರು ಈಗ ಹೊರಗಿನವರಿಗೆ ತಿಳಿದಿರುವುದು ಎಕ್ಸ್‌ಪ್ರೆಸ್ ಹೆದ್ದಾರಿಯಿಂದ: ಬೆಂಗಳೂರು–ನಿಡಘಟ್ಟ, ನಿಡಘಟ್ಟ–ಮೈಸೂರು ಎಂಬ ಎರಡು ಭಾಗಗಳಲ್ಲಿ ನಿರ್ಮಾಣವಾಗಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ರಸ್ತೆ ಅದು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು. ಹೆದ್ದಾರಿಯ ಬೇಲಿ ಕಣ್ಣಿಗೆ ಕಾಣುತ್ತದೆ. ಅದರ ಬಗ್ಗೆ ಜನ ಮನವಿ ಕೊಡುತ್ತಾರೆ, ಕೆಳಸೇತುವೆ ಕೇಳುತ್ತಾರೆ, ಪ್ರತಿಭಟಿಸುತ್ತಾರೆ. ನಮ್ಮ ಬೀದಿಯ ತಿರುವಿನಲ್ಲಿದ್ದ ಗಡಿಗೆ ಬೇಲಿಯೇ ಇರಲಿಲ್ಲ. ಹಾಗಾಗಿ ಕೆಳಸೇತುವೆಯನ್ನೂ ಯಾರೂ ಕೇಳಲಿಲ್ಲ. ಈಗ ಆ ಕೇರಿಯಲ್ಲಿ ಕಾಂಕ್ರೀಟ್ ರಸ್ತೆಯಿದೆ, ತಾರಸಿ ಮನೆಗಳಿವೆ. ಎರಡೂ ಕಡೆಯ ಮಕ್ಕಳು ಒಟ್ಟಿಗೆ ಕ್ರಿಕೆಟ್ ಆಡುತ್ತಿದ್ದರು. ‘ಎಳ್ಳು ಬೀರೋಕೆ ಎಲ್ಲೆಲ್ಲಿಗೆ ಹೋಗ್ತೀರಿ?’ ಎಂದು ಒಂದು ಹುಡುಗಿಯನ್ನು ಕೇಳಿದೆ. ಅವಳು ಮನೆಗಳ ಹೆಸರು ಹೇಳಿದಳು. ತಿರುವಿನಾಚೆಯದು ಒಂದೂ ಇರಲಿಲ್ಲ. ‘ಅಲ್ಲಿಗೆ?’ ಎಂದೆ. ‘ಅವ್ವ ಹೇಳಿಲ್ಲ’ ಎಂದಳು.

ಈ ಪಟ್ಟಿಯನ್ನು ತಿದ್ದಲು ಯಾವ ಆದೇಶವೂ, ಅನುದಾನವೂ ಬೇಕಿಲ್ಲ. ವಸತಿ ಸಮುಚ್ಚಯಗಳ ಸಂಘಗಳು ಸಂಕ್ರಾಂತಿಯ ಸಂಜೆ ಎರಡು ಗಂಟೆ, ತಮ್ಮಲ್ಲಿ ದುಡಿಯುವವರ ಮಕ್ಕಳಿಗೆ ಗೇಟು ತೆರೆಯಲಿ. ಪೊಟ್ಟಣ ಹಂಚಲು ಅಲ್ಲ, ಅವರೂ ತಟ್ಟೆ ಹಿಡಿದು ಬಂದು ಬೀರಲು. ಅದಕ್ಕಿಂತ ಮುಖ್ಯವಾಗಿ, ನಮ್ಮ ಮಕ್ಕಳು ಅವರ ಮನೆಗೆ ಹೋಗಿ ಅವರು ಕೊಟ್ಟದ್ದನ್ನು ಅಲ್ಲಿಯೇ ತಿನ್ನಲಿ. ಕೊಡುವುದು ಸುಲಭ, ಪಡೆಯುವುದೇ ಪರೀಕ್ಷೆ.

ಮುಂದಿನ ವರ್ಷಕ್ಕೆ 20 ಪೊಟ್ಟಣ ಸಾಕೆಂದ ಪತ್ನಿಗೆ, ಬೇಡ, 40 ಇರಲಿ ಎಂದಿದ್ದೇನೆ. ಮಿಕ್ಕವನ್ನು ಹಿಡಿದು ಈ ಬಾರಿ ನಾವೇ ನಿಡಘಟ್ಟಕ್ಕೆ ಹೊರಡುತ್ತೇವೆ. ಎಪ್ಪತ್ತರ ಹೊಸ್ತಿಲಲ್ಲಿರುವ ಅಕ್ಕನೂ ಬರುತ್ತೇನೆಂದಿದ್ದಾಳೆ. ತಟ್ಟೆ ಅವಳದು; ಚೀಲ ಹೊರುವ ಕೆಲಸ ಈಗಲೂ ನನ್ನದೇ.