ಅಳುವ ಕೂಸಿಗೆ ಸುಳ್ಳಿನ ಬಿಸ್ಕತ್ತು

ಜೂನ್ ತಿಂಗಳು ಬಂತೆಂದರೆ ರಾಂಪುರದ ಬೀದಿಗಳಲ್ಲಿ ಬೆಳಗ್ಗೆ ಬೆಳಗ್ಗೆ ಒಂದು ಮೆರವಣಿಗೆ. ಸೊಂಟದ ಮೇಲೆ ಜಗ್ಗಾಡುವ ಮೂರು ವರ್ಷದ ಕೂಸು, ಬೆವರು ಒರೆಸಿಕೊಳ್ಳುವ ತಾಯಿ. ಕೂಸಿನ ಕಿರುಚಾಟದ ಮುಂದೆ ಬಳ್ಳಾರಿ ಬಸ್ಸಿನ ಹಾರನ್ನೂ ಸಪ್ಪೆ. ಅಂಗಡಿ ಮುಂದೆ ಒಂದು ನಿಮಿಷ ನಿಲುಗಡೆ. ‘ಅಣ್ಣಾ, ಒಂದು ಬಿಸ್ಕತ್ ಪ್ಯಾಕೆಟ್ ಕೊಡು, ಇವನು ಅಂಗನವಾಡಿಗೆ ಒಲ್ಲೆ ಅಂತಾನೆ.’ ಅಂಗಡಿಯವರು ಪ್ಯಾಕೆಟ್ ಕೊಡುತ್ತಾ ತಮ್ಮ ಕಡೆಯ ಉಪಕಾರವನ್ನೂ ಸೇರಿಸುತ್ತಾರೆ: ‘ಏಯ್, ಹೋಗದಿದ್ರೆ ಪೊಲೀಸ್ನೋರು ಹಿಡ್ಕೊಂಡು ಹೋಗ್ತಾರೆ ನೋಡು!’

ಕೂಸು ಬಾಯಿ ಮುಚ್ಚುತ್ತದೆ. ನಿಂತವರು ನಗುತ್ತಾರೆ. ಆದರೆ ಇದು ನಗುವ ವಿಷಯವೇ?

ಒಂದೇ ಬೆಳಗಿನಲ್ಲಿ ಆ ಕೂಸು ಕೇಳುವ ಸುಳ್ಳು ಎಷ್ಟೆಂದು ಲೆಕ್ಕ ಹಾಕಿ. ಮನೆ ಬಿಡುವಾಗ ‘ಅಂಗಡಿಗೆ ಹೋಗಿ ಬರೋಣ ಬಾ.’ ದಾರಿಯಲ್ಲಿ ಪೊಲೀಸ್. ಅಂಗನವಾಡಿ ಬಾಗಿಲಲ್ಲಿ ‘ಇಲ್ಲೇ ಇರ್ತೀನಿ, ಆಡ್ಕೊ ಹೋಗು.’ ತಿರುಗಿ ನೋಡುವಷ್ಟರಲ್ಲಿ ಅಮ್ಮ ಮಾಯ!

ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಇದು ಬೇಗ ಅರ್ಥವಾದೀತು. ಟೀ ಕುಡಿಯಲು ಇಳಿದಾಗ ಕಂಡಕ್ಟರ್ ಸೀಟಿ ಊದದೆ ಬಸ್ ಬಿಟ್ಟುಬಿಟ್ಟ ಅನ್ನಿ. ಮರುದಿನ ಯಾರಾದರೂ ಸೀಟು ಬಿಟ್ಟು ಇಳಿಯುತ್ತಾರೆಯೇ? ಕೂಸಿನ ಕಥೆಯೂ ಅದೇ. ನಾಳೆ ಅದು ತಾಯಿಯ ಸೆರಗು ಬಿಡುವುದಿಲ್ಲ. ಅದನ್ನು ಹಠ ಎನ್ನುತ್ತೇವೆ. ಹಠವಲ್ಲ ಸ್ವಾಮಿ, ಅನುಭವ.

ಹಾಗೆಂದು ತಾಯಿಯನ್ನು ಬೈಯುವಂತಿಲ್ಲ. ಶೇಂಗಾ ಹೊಲದ ಕೆಲಸಕ್ಕೆ ಹೊರಟ ಆಟೋ ಯಾರಿಗೂ ಕಾಯುವುದಿಲ್ಲ. ಅದು ತಪ್ಪಿದರೆ ಅಂದಿನ ಕೂಲಿಯೂ ತಪ್ಪಿತು. ಅತ್ತ ಟೀಚರಮ್ಮನಿಗೂ ಇರುವುದು ಎರಡೇ ಕೈ. ಮಕ್ಕಳ ತೂಕ ನೋಡಬೇಕು, ಮೊಬೈಲಿಗೆ ಲೆಕ್ಕ ತುಂಬಬೇಕು, ಗರ್ಭಿಣಿ ಬಾಣಂತಿಯರ ಆಹಾರ ನೋಡಬೇಕು, ಜೊತೆಗೆ ಸರ್ವೆ. ನಡುವೆ ಅಳುವ ಹೊಸ ಕೂಸನ್ನು ಎತ್ತಿಕೊಳ್ಳುವವರು ಯಾರು?

ಇನ್ನೊಂದು ತೊಡಕು ಗಡಿನಾಡಿನದು. ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ‘ನೀಳ್ಳು’ ಎಂದು ಕೇಳುವ ಕೂಸಿಗೆ ‘ನೀರು’ ಅನ್ನು ಎಂದು ಮೊದಲ ದಿನವೇ ತಿದ್ದಿದರೆ ಅದು ನೀರು ಕೇಳುವುದನ್ನೇ ಬಿಟ್ಟೀತು. ಮೊದಲು ನೀರು ಕೊಡಲಿ, ಕನ್ನಡ ತಾನಾಗಿ ಬರುತ್ತದೆ.

ಇದು ಸಣ್ಣ ಸಂಗತಿಯಲ್ಲ. ಮೂರು ದಿನ ಅತ್ತ ಕೂಸನ್ನು ನಾಲ್ಕನೇ ದಿನ ಮನೆಯಲ್ಲೇ ಬಿಡುತ್ತಾರೆ. ನೋಡಿಕೊಳ್ಳುವವರು ಬೇಕಲ್ಲ? ಎಂಟು ವರ್ಷದ ಅಕ್ಕ ಶಾಲೆ ತಪ್ಪಿಸುತ್ತಾಳೆ. ಕೂಸಿಗೆ ಹಾಲು, ಮೊಟ್ಟೆ, ಊಟ, ಆಟ ತಪ್ಪಿತು. ಅಕ್ಕನಿಗೆ ಅಕ್ಷರ ತಪ್ಪಿತು. ಒಂದು ಅಳುವಿಗೆ ಎರಡು ಮಕ್ಕಳ ನಷ್ಟ.

ಅಂಗನವಾಡಿ ಎಂದರೆ ಅಂಗಳದ ತೋಟ. ಮಹಾರಾಷ್ಟ್ರದ ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿ ಎಂಬ ಊರಿನಲ್ಲಿ ಬಡವರ ಮಕ್ಕಳಿಗಾಗಿ ಕೆಲಸ ಆರಂಭಿಸಿದರು. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕು ಎಂಬುದು ಅವರ ದಾರಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾಗಿ, ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರಕ್ಕೆ ಬಂತು. ಐವತ್ತು ವರ್ಷ ಕಳೆದಿದೆ. ಹೆಸರು ಅಂಗಳದ್ದು, ಕೂಸಿಗೆ ಮಾತ್ರ ಇನ್ನೂ ಪರರ ಮನೆ!

ಮಾಡಬೇಕಾದದ್ದಕ್ಕೆ ಕೋಟಿ ರೂಪಾಯಿ ಬೇಡ. ಮೊದಲ ಮೂರು ದಿನ ತಾಯಿಯೋ ಅಜ್ಜಿಯೋ ಒಂದು ಗಂಟೆ ಒಳಗೇ ಕೂರಲಿ. ತಂದೆಗೂ ಕಾಲಿದೆ, ಅವನೂ ಬರಲಿ. ನಾಲ್ಕನೇ ದಿನ ಅರ್ಧ ಗಂಟೆ ಬಿಟ್ಟು ಹೋಗಿ ಹೇಳಿದಂತೆಯೇ ಬರಲಿ. ಆಮೇಲೆ ಹೊತ್ತು ಹೆಚ್ಚಿಸಲಿ. ಕೂಸಿಗೆ ಗಡಿಯಾರ ಗೊತ್ತಿಲ್ಲ, ಊಟ ನಿದ್ದೆ ಗೊತ್ತು. ‘ಉಂಡು ಮಲಗೆದ್ದ ಮೇಲೆ ಅಜ್ಜಿ ಬರ್ತಾಳೆ’ ಅಂದರೆ ಸಾಕು, ಅಜ್ಜಿ ಬಂದೇ ಬರಬೇಕು. ಮನೆಯ ಹಳೇ ಟವೆಲ್ಲೋ ಆಟದ ಸಾಮಾನೋ ಕೈಯಲ್ಲಿದ್ದರೆ ಕಿತ್ತುಕೊಳ್ಳಬಾರದು. ಹೋಗುವಾಗ ಹೇಳಿಯೇ ಹೋಗಬೇಕು. ಕೂಸು ಅಳಲಿ, ಹೇಳಿ ಹೋದ ಅಳು ಬೇಗ ಆರುತ್ತದೆ, ಮೋಸದ ಅಳು ಆರುವುದಿಲ್ಲ. ವಾರಗಟ್ಟಲೆ ಅತ್ತು ಊಟವನ್ನೇ ಬಿಟ್ಟರೆ ಮಾತ್ರ ಆರೋಗ್ಯದವರಿಗೆ ತೋರಿಸಬೇಕು.

ಜೂನ್ ಮೊದಲ ಹದಿನೈದು ದಿನ ಟೀಚರಮ್ಮನ ತಲೆಗೆ ಬೇರೆ ಸರ್ವೆ ಕಟ್ಟದಿರುವುದು ಇಲಾಖೆಯ ಕೈಯಲ್ಲಿದೆ. ತಾಯಂದಿರ ಸರದಿ ಗೊತ್ತು ಮಾಡುವುದು ಬಾಲವಿಕಾಸ ಸಮಿತಿಗೆ ಕಷ್ಟವಲ್ಲ. ಹೊಲದ ಯಜಮಾನರು ಮೂರು ದಿನ ಒಂದು ಗಂಟೆ ತಡ ಮನ್ನಿಸಿದರೆ ಬೆಳೆಯೇನೂ ಒಣಗದು. ಸಂಬಂಧಪಟ್ಟವರು ಕಿವಿಗೊಡುವರೇ?

ಅವರು ಕೊಡುವ ತನಕ ಅಂಗಡಿಯವರಾದರೂ ಒಂದು ಕೆಲಸ ಮಾಡಬಹುದು. ನಾಳೆ ಅಳುವ ಕೂಸು ಬಾಗಿಲಿಗೆ ಬಂದಾಗ ಪೊಲೀಸರನ್ನು ಕರೆಯದೆ, ‘ಹೋಗಿ ಬಾ ಮಗ, ಸಂಜೆ ಸಿಗೋಣ’ ಎನ್ನಲಿ. ಇದಕ್ಕೆ ಕಾಸು ಬೇಕಿಲ್ಲ.